ಆಲ್ಡೊ ಕೊಟ್ಟ ಹೆಪ್ಪುಮಣ್ಣು

“ಆಲ್ಡೊ ಪ್ಲಾಸ್ಟಿಕ್ ಗಿಡ ಇಟ್ಟಿದಾನೆ ಕಣೇ. ಒಂದಕ್ಕಲ್ಲ, ಅಷ್ಟೂ ಪೆಟ್ಟಿಗೆಗೆ.”

ಶರ್ಲೀನ್ ಇದನ್ನು ಹೇಳಿದ್ದು ನಮ್ಮ ಮನೆಯ ಹಿಂಬಾಗಿಲಲ್ಲಿ ನಿಂತು, ಫ್ರೀಜರಿನಲ್ಲಿಟ್ಟ ಸತ್ತ ಇಲಿಗಳ ಚೀಲವನ್ನು ನನ್ನ ಕೈಗೆ ಕೊಡುತ್ತಾ. ನಮ್ಮ ಕಡೆ ಹಾವು ಸಾಕುವವರಿಗೆಲ್ಲ ಇಲಿ ಮಾರುವವಳು ಅವಳೇ. ವಾರಕ್ಕೊಮ್ಮೆ ಎಲ್ಲರ ಮನೆಗೂ ಹೋಗುತ್ತಾಳೆ, ಎಲ್ಲರ ಮನೆಯ ಸುದ್ದಿಯನ್ನೂ ಇಲಿಯ ಜೊತೆ ಪುಕ್ಕಟೆ ಹಂಚುತ್ತಾಳೆ. ಅವಳ ಸುದ್ದಿಯಲ್ಲಿ ಅರ್ಧದಷ್ಟು ಸುಳ್ಳೇ ಇರುವುದರಿಂದ ಇದಕ್ಕೂ ನಾನು ನಕ್ಕುಬಿಟ್ಟೆ. ಇಲ್ಲಿ ಹಾವು ಸಾಕುವವರಿಗೆಲ್ಲ ಹಿರಿಯರಾದ ಆಲ್ಡೊ ಜಪ್ಪಾಲಾ ಹಾವಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಗಿಡ ಇಟ್ಟರು ಅಂದರೆ ಮಳೆಗೇ ಹೆಸರಾದ ನಮ್ಮೂರು ಇನ್ನಿಸ್‌ಫೇಲಿನಲ್ಲಿ ಒಂದು ವರ್ಷ ಮಳೆಯೇ ಬರಲಿಲ್ಲ ಅಂದ ಹಾಗೆ. ಹೋದ ವರ್ಷ ನಮ್ಮ ಹಾವು-ಹಲ್ಲಿ ಸಂಘದ ಪ್ರದರ್ಶನದಲ್ಲಿ ಇದೇ ಮನುಷ್ಯ ಯಾರದೋ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಎಲೆಯೊಂದನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಹಲ್ಲಿಯನ್ನು ಹಿಡಿದ ಹಾಗೆ ಹಿಡಿದು, ಹಾವಿಗೆ ಕಾಡು ಕೊಡಲು ಆಗದಿದ್ದರೆ ನಾಯಿ ಸಾಕಿಕೋ ಎಂದು ಎಲ್ಲರ ಮುಂದೆ ಹೇಳಿದ್ದರು. ಆ ಪಾಪದವನು ಆಮೇಲೆ ಸಂಘಕ್ಕೇ ಬರಲಿಲ್ಲ.

ಶರ್ಲೀನ್‌ಗೆ ನನ್ನ ನಗು ಹಿಡಿಸಲಿಲ್ಲ. ಈಸ್ಟರ್‌ನಿಂದ ಈಚೆಗೆ ಆಲ್ಡೊ ಅವಳನ್ನು ಶೆಡ್ಡಿನೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲವಂತೆ, ಗೇಟಿನ ಹತ್ತಿರ ಒಂದು ಐಸ್ ಡಬ್ಬಿ ಇಟ್ಟು ಅದರಲ್ಲೇ ಇಲಿ ಹಾಕಿ ಹೋಗು ಎನ್ನುತ್ತಿದ್ದರಂತೆ. ಇವತ್ತು ಡಬ್ಬಿ ಇರಲಿಲ್ಲ. ಇಲಿ ಕರಗೀತು ಎಂದು ನೇರ ಶೆಡ್ಡಿಗೇ ನಡೆದಿದ್ದಾಳೆ, ಬಾಗಿಲು ತೆರೆದೇ ಇತ್ತು, ನೋಡಿದ್ದಾಳೆ.

“ನಿನ್ನೆ ಮೊನ್ನೆ ಇಟ್ಟಿದ್ದಲ್ಲ ಮಾರಾಯ್ತಿ,” ಅಂದಳು. “ಎಲೆ ಮೇಲೆ ಇಷ್ಟು ದಪ್ಪ ಧೂಳು ಕೂತಿತ್ತು.”

ನನ್ನ ನಗು ಅಲ್ಲಿಗೆ ನಿಂತಿತು.

ಬದುಕಿರುವ ಗಿಡವನ್ನು ಬುಡಸಮೇತ ಕಿತ್ತು, ಮಣ್ಣು ಹೊರಗೆ ಚೆಲ್ಲಿ, ಕೆಳಗೆ ಹಳೇ ಪೇಪರ್ ಹಾಸಿ ಪ್ಲಾಸ್ಟಿಕ್ ಇಡುವುದು ನಮ್ಮಲ್ಲಿ ಒಂದೇ ಕಾರಣಕ್ಕೆ. ನುಸಿ. ಮೆಣಸಿನ ಪುಡಿ ಉದುರಿದ ಹಾಗೆ ಕಾಣುತ್ತದೆ, ಹಾವಿನ ಗಲ್ಲದ ಕೆಳಗೆ, ಕಣ್ಣಿನ ಸುತ್ತ, ಹುರುಪೆಗಳ ಸಂದಿಯಲ್ಲಿ ಕೂತು ರಕ್ತ ಹೀರುತ್ತದೆ. ತಡೆಯಲಾಗದೆ ಹಾವು ನೀರಿನ ಬಟ್ಟಲಲ್ಲೇ ಇಡೀ ದಿನ ಮುಳುಗಿ ಮಲಗುತ್ತದೆ. ನುಸಿ ಮೊಟ್ಟೆ ಇಡುವುದು ಮಣ್ಣಲ್ಲಿ, ತೊಗಟೆಯ ಸಂದಿಯಲ್ಲಿ.

ಈಸ್ಟರ್ ಬಂದದ್ದು ಏಪ್ರಿಲ್‌ನಲ್ಲಿ. ಆಲ್ಡೊ ನನಗೆ ಹೆಪ್ಪುಮಣ್ಣು ಕೊಟ್ಟದ್ದು ಮೇ ತಿಂಗಳ ಎರಡನೇ ಶನಿವಾರ.

ಇಲಿಯ ಚೀಲವನ್ನು ಅಮ್ಮ ಲೆಟಿಸ್ ತೊಳೆಯಲು ಇಟ್ಟಿದ್ದ ಸಿಂಕಿಗೇ ಎಸೆದು, ಚಪ್ಪಲಿ ಹುಡುಕಿದೆ. ನನ್ನನ್ನು ಆಲ್ಡೊ ಮನೆಗೆ ಬಿಡು ಅಂದೆ. ಶರ್ಲೀನ್ ಇನ್ನೂ ನಾಲ್ಕು ಮನೆಗೆ ಇಲಿ ಕೊಡಬೇಕಿದೆ ಎಂದು ಗೊಣಗಿದಳು. ಆದರೆ ಜಗಳ ನೋಡುವ ಅವಕಾಶವನ್ನು ಅವಳು ಯಾವತ್ತೂ ಬಿಟ್ಟವಳಲ್ಲ.

ಹೆಪ್ಪುಮಣ್ಣು ಅಂದರೆ ಇಷ್ಟೇ. ನಮ್ಮ ಸಂಘದಲ್ಲಿ ಹಾವಿಗೆ ಹೊಸದಾಗಿ ಗಿಡದ ಪೆಟ್ಟಿಗೆ ಕಟ್ಟುವವರು ಯಾರಾದರೂ ಹಳಬರ ಪೆಟ್ಟಿಗೆಯಿಂದ ಒಂದು ಹಿಡಿ ಮಣ್ಣು ಕೇಳಿ ತರುತ್ತಾರೆ. ಅದರಲ್ಲಿ ಕಣ್ಣಿಗೆ ಕಂಡೂ ಕಾಣದ ಬಿಳಿ ಹುಳಗಳಿರುತ್ತವೆ. ಹಾವಿನ ಹಿಕ್ಕೆ, ಬೂಷ್ಟು, ಕೊಳೆತ ಎಲೆ ಎಲ್ಲವನ್ನೂ ಅವೇ ತಿಂದು ಮುಗಿಸುತ್ತವೆ. ಹಾಲಿಗೆ ಹೆಪ್ಪು ಬಿಟ್ಟ ಹಾಗೆ ಒಂದು ಹಿಡಿ ಬಿದ್ದರೆ ತಿಂಗಳಲ್ಲಿ ಪೆಟ್ಟಿಗೆಯ ಮಣ್ಣೆಲ್ಲ ಜೀವ ಹಿಡಿಯುತ್ತದೆ. ಜೊತೆಗೆ ಬೇರಿರುವ ಒಂದು ತುಂಡು ಬಳ್ಳಿ. ಅಂಗಡಿಯಿಂದ ತಂದ ಗಿಡವನ್ನು ನಾವು ಮೂರು ಸಲ ತೊಳೆದು, ಮೂರು ತಿಂಗಳು ಹೊರಗಿಟ್ಟು, ಆಮೇಲೆ ಒಳಗೆ ಬಿಡುತ್ತೇವೆ. ಹೆಪ್ಪುಮಣ್ಣನ್ನು ಮಾತ್ರ ಯಾರೂ ತೊಳೆಯುವುದಿಲ್ಲ, ಕುದಿಸುವುದಿಲ್ಲ. ಕುದಿಸಿದರೆ ಹುಳ ಸಾಯುತ್ತದೆ ಅನ್ನುವುದು ಒಂದು. ಕೊಟ್ಟವರನ್ನು ನಂಬಲಿಲ್ಲ ಅಂತಾಗುತ್ತದೆ ಅನ್ನುವುದು ಇನ್ನೊಂದು.

ಆಲ್ಡೊ ಅವರ ಹೆಪ್ಪು ಅಂದರೆ ಸಂಘದಲ್ಲಿ ಪ್ರಸಾದದ ಹಾಗೆ. ಮೂವತ್ತು ವರ್ಷದ ಮಣ್ಣು. ನಾನು ಎರಡು ವರ್ಷ ಕೇಳಿದ ಮೇಲೆ ಸಿಕ್ಕಿತು. ಐಸ್‌ಕ್ರೀಮ್ ಡಬ್ಬಿಯಲ್ಲಿ ಹಾಕಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಪಕ್ಕದ ಸೀಟಿನ ಅಜ್ಜಿ ಯಾವ ಫ್ಲೇವರ್ ಎಂದು ಕೇಳಿದ್ದಳು.

ಆ ಮಣ್ಣು ಹೋಗಿದ್ದು ಊರಿನ ಗ್ರಂಥಾಲಯದ ಪೆಟ್ಟಿಗೆಗೆ. ಮಕ್ಕಳ ಪುಸ್ತಕದ ಕಪಾಟಿನ ಪಕ್ಕ ಎರಡು ಮೀಟರ್ ಉದ್ದದ ಗಾಜಿನ ಪೆಟ್ಟಿಗೆ, ಅದರಲ್ಲಿ ಸಂಘದ ಹೆಬ್ಬಾವು ಮೇವಿಸ್. ಕಪ್ಪು-ಹಳದಿ ಪಟ್ಟೆಯವಳು, ಒಂಬತ್ತು ವರ್ಷ, ಸೋಮಾರಿ. ಅವಳು ವರ್ಷಗಟ್ಟಲೆ ಬರಿಯ ಮರದ ಹೊಟ್ಟಿನ ಮೇಲೆ ಮಲಗಿದ್ದಳು. ಅಲ್ಲಿ ಕಾಡು ಮಾಡುತ್ತೇನೆ ಎಂದು ಸಂಘದಲ್ಲಿ ಕೈ ಎತ್ತಿದವಳು ನಾನು. ತೋಟಗಾರಿಕೆ ಓದುತ್ತಿದ್ದೇನೆ, ಹತ್ತೊಂಬತ್ತು ವರ್ಷ, ಗೊತ್ತಿಲ್ಲದ್ದು ಯಾವುದೂ ಇಲ್ಲ ಅಂದುಕೊಂಡಿದ್ದೆ. ಮೊದಲು ನೆಟ್ಟ ಗಿಡಗಳನ್ನೆಲ್ಲ ಪರೀಕ್ಷೆಗೆಂದು ಬಿಟ್ಟ ಮೇವಿಸ್ ಒಂದೇ ದಿನದಲ್ಲಿ ಮಲಗಿ ಚಪ್ಪಟೆ ಮಾಡಿದಳು. ಆಮೇಲೆ ಬುದ್ಧಿ ಬಂದು, ಅವಳ ಭಾರ ತಡೆಯುವ ಕೊಂಬೆಗಳನ್ನು ಬೋಲ್ಟ್ ಹಾಕಿ ಬಿಗಿದು, ಬಳ್ಳಿಯನ್ನು ಹಿಂದಿನ ಗೋಡೆಗೆ ಹಬ್ಬಿಸಿ, ಹಕ್ಕಿಗೂಡಿನ ಆಕಾರದ ಫರ್ನ್ ಗಿಡವೊಂದನ್ನು ಅವಳ ಕೈಗೆ, ಅಂದರೆ ಹೊಟ್ಟೆಗೆ, ಸಿಗದ ಎತ್ತರದಲ್ಲಿ ಕೂರಿಸಿದೆ. ಗಿಡ ಬೇರು ಬಿಡಲು ಆರು ತಿಂಗಳು ಕಾದೆ. ಮೇನಲ್ಲಿ ಹೆಪ್ಪು. ಜೂನ್‌ನಲ್ಲಿ ಮೇವಿಸ್. ಒಂದು ವಾರದೊಳಗೆ ಅವಳು ಆ ಫರ್ನನ್ನೂ ತಲುಪಿ, ಮಧ್ಯದಲ್ಲಿ ಸುರುಳಿ ಸುತ್ತಿ ಕೂತು, ರಾಣಿಯ ಹಾಗೆ ಮಕ್ಕಳನ್ನು ನೋಡತೊಡಗಿದಳು. ಮುಚ್ಚಳ ತೆಗೆದರೆ ಮಳೆ ನಿಂತ ಮೇಲಿನ ವಾಸನೆ. ಜೀವನದಲ್ಲಿ ನಾನು ಪೂರ್ತಿ ಮಾಡಿದ ಮೊದಲ ಕೆಲಸ ಅದು.

ಜುಲೈ ಕೊನೆಗೆ ಮೇವಿಸ್ ನೀರಿನ ಬಟ್ಟಲಿಗೆ ಇಳಿದವಳು ದಿನಗಟ್ಟಲೆ ಮೇಲೆ ಬರಲಿಲ್ಲ.

ಎರಡು ವಾರದ ಹಿಂದೆ ಸಂಘದ ಸಭೆಯಲ್ಲಿ ಅಧ್ಯಕ್ಷೆ ಗ್ಲೆನಿಸ್ ಬಿಳಿ ಟಿಶ್ಯೂ ಕಾಗದವೊಂದನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು. ಮೇವಿಸ್‌ಳ ಗಲ್ಲ ಒರೆಸಿದ ಕಾಗದ. ತುಂಬ ಕರಿ ಚುಕ್ಕೆ. ಇದು ಬ್ರೈಡಿಯ ಕಾಲೇಜಿನ ಕುಂಡಗಳಿಂದ ಬಂದದ್ದು, ಹುಡುಗಿ ಗಿಡಗಳನ್ನು ಸರಿಯಾಗಿ ತೊಳೆದಿಲ್ಲ ಎಂದಳು. ಬ್ರೈಡಿ ನಾನೇ. ಯಾರೂ ಇಲ್ಲ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಆ ಗಿಡಗಳನ್ನು ತೊಳೆದಿದ್ದೆ, ಮೂರು ಸಲ ತೊಳೆದಿದ್ದೆ, ಆದರೆ ಆ ಕಾಗದ ನೋಡಿದಾಗ ಎರಡೇ ಸಲವೋ ಏನೋ ಅನ್ನಿಸಿಬಿಟ್ಟಿತು. ಗಿಡಗಳನ್ನೆಲ್ಲ ಕಿತ್ತು ಸುಡುವುದು, ಪ್ಲಾಸ್ಟಿಕ್ ಇಡುವುದು, ಮೇವಿಸ್‌ಳ ಜವಾಬ್ದಾರಿಯಿಂದ ನನ್ನನ್ನು ತೆಗೆಯುವುದು ಎಂದು ತೀರ್ಮಾನವಾಯಿತು. ಗ್ರಂಥಾಲಯಕ್ಕೆ ಭಾನುವಾರ ರಜೆ, ಅವತ್ತೇ ಕೀಳುವುದು ಎಂದರು. ಆ ಭಾನುವಾರ ಅಂದರೆ ನಾಳೆ.

ಆಲ್ಡೊ ಆ ಸಭೆಯಲ್ಲಿದ್ದರು. ಹಿಂದಿನ ಸಾಲಿನಲ್ಲಿ ಕೂತು, ಕೊಬ್ಬರಿ ಹಚ್ಚಿದ ಚಾಕೊಲೆಟ್ ಕೇಕ್ ತಿನ್ನುತ್ತಿದ್ದರು. ಹೊರಗೆ ನಾನು ಗೋಡೆಗೆ ಮುಖ ಮಾಡಿ ಅಳುತ್ತಿದ್ದಾಗ ಬಂದು ತಲೆ ಸವರಿ, ಆಗುತ್ತೆ ಮರಿ, ಎಲ್ಲರಿಗೂ ಒಂದಲ್ಲ ಒಂದು ಸಲ ಆಗುತ್ತೆ ಅಂದಿದ್ದರು. ಅವರ ಬೆರಳಲ್ಲಿದ್ದ ಕೊಬ್ಬರಿ ಚೂರು ನನ್ನ ಕೂದಲಿಗೆ ಅಂಟಿತ್ತು. ನಾನು ಥ್ಯಾಂಕ್ಸ್ ಹೇಳಿದ್ದೆ. ಅಷ್ಟಕ್ಕೇ ಬಿಡದೆ, ಸಂಘದ ಇಪ್ಪತ್ತಾರು ಜನಕ್ಕೂ ಕ್ಷಮೆ ಕೇಳಿ ಕೈಯಾರೆ ಕಾಗದ ಬರೆದು ಹಂಚಿದ್ದೆ. ಅದರಲ್ಲೊಂದು ಆಲ್ಡೊ ಅವರ ಅಂಚೆಪೆಟ್ಟಿಗೆಗೂ ಹೋಗಿತ್ತು.

ಶರ್ಲೀನ್‌ಳ ಪಿಕಪ್ ವ್ಯಾನಿನಲ್ಲಿ ಕೂತು ದಾರಿಯುದ್ದಕ್ಕೂ ಇದನ್ನೇ ನೆನೆಸುತ್ತಿದ್ದೆ. ಕಬ್ಬಿನ ಗದ್ದೆಗಳ ನಡುವೆ ಶರ್ಲೀನ್ ನಿಧಾನವಾಗಿ ಓಡಿಸುತ್ತಾ, ಸುಮ್ಮನೆ ಕೂಗಾಡಬೇಡ, ವಯಸ್ಸಾದವನು, ಎದೆ ಹಿಡಿದುಕೊಂಡು ಬಿದ್ದರೆ ಅವನ ಮನೆಯ ಇಲಿ ವ್ಯಾಪಾರ ನನಗೆ ತಪ್ಪುತ್ತದೆ ಎಂದಳು. ನಾನು ನಗಲಿಲ್ಲ. ಅವಳೂ ನಗಿಸಲು ಹೇಳಿರಲಿಲ್ಲ ಅನ್ನಿಸುತ್ತದೆ.

ಆಲ್ಡೊ ಶೆಡ್ಡಿನ ಮುಂದೆ ಪೈಪಿನಿಂದ ಐಸ್ ಡಬ್ಬಿ ತೊಳೆಯುತ್ತಿದ್ದರು. ನನ್ನ ಮುಖ ನೋಡಿದವರೇ ಎದ್ದು ಬಾಗಿಲಿಗೆ ಅಡ್ಡ ನಿಂತರು. ಕಾಫಿ ಕುಡಿಯೋಣ, ಮನೆ ಕಡೆ ಬನ್ನಿ ಅಂದರು. ನಾನು ಅವರ ತೋಳಿನ ಕೆಳಗೆ ನುಸುಳಿ ಒಳಗೆ ಹೋದೆ.

ಹದಿನಾಲ್ಕು ಪೆಟ್ಟಿಗೆ. ನಾನು ಹದಿನಾರನೇ ವಯಸ್ಸಿನಲ್ಲಿ ಮೊದಲ ಸಲ ಇಲ್ಲಿ ಬಂದಾಗ ಗಾಜಿನ ಹಿಂದೆಲ್ಲ ಎಲೆ, ನೀರ ಹನಿ, ಹಾವನ್ನು ಹುಡುಕಲು ಐದು ನಿಮಿಷ ಬೇಕಾಗಿತ್ತು. ಈಗ ಹಳೇ ಪೇಪರಿನ ಮೇಲೆ ಹಾವುಗಳು ಬೆತ್ತಲಾಗಿ ಮಲಗಿದ್ದವು. ಮೇಲೆ ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಬಿಲ್ಲೆಯಿಂದ ಅಂಟಿಸಿದ ಪ್ಲಾಸ್ಟಿಕ್ ಬಳ್ಳಿ. ಒಂದು ಪೆಟ್ಟಿಗೆಯ ಬಾಗಿಲು ಸರಿಸಿ ಎಲೆಯೊಂದರ ಮೇಲೆ ಬೆರಳು ಎಳೆದೆ, ಬೆರಳನ್ನು ಆಲ್ಡೊ ಅವರ ಮೂಗಿನ ಮುಂದೆ ಹಿಡಿದೆ.

“ಯಾವತ್ತಿಂದ?”

ಅವರು ಶರ್ಲೀನ್ ಕಡೆ ನೋಡಿದರು. ಶರ್ಲೀನ್ ಚಾವಣಿ ನೋಡುತ್ತಿದ್ದಳು.

“ಈಸ್ಟರ್‌ಗೆ ಮುಂಚೆ,” ಅಂದರು ಆಲ್ಡೊ.

ಆಮೇಲೆ ಒಂದೊಂದೇ ಹೊರಗೆ ಬಂತು. ಯಾರೋ ಊರು ಬಿಡುವವರು ಸಾಕಲಾಗದೆ ಕೊಟ್ಟ ಹೆಬ್ಬಾವನ್ನು ಪಾಪ ಎಂದು ತೆಗೆದುಕೊಂಡಿದ್ದರಂತೆ. ಹೊಸ ಹಾವನ್ನು ಬೇರೆ ಕೋಣೆಯಲ್ಲಿಡಬೇಕು ಅನ್ನುವ ಪಾಠವನ್ನು ನಮಗೆಲ್ಲ ಕಲಿಸಿದವರೇ, ಮಳೆಗಾಲದ ಹಸಿ ಹಿಡಿದ ಆ ಕೋಣೆ ಬೇಡ, ಎರಡೇ ದಿನ ತಾನೆ ಎಂದು ಶೆಡ್ಡಿನೊಳಗಿಟ್ಟರಂತೆ. ಹತ್ತು ದಿನದಲ್ಲಿ ಎಲ್ಲ ಕಡೆ ನುಸಿ. ಎರಡು ಹಾವು ಸತ್ತವು. ಹದಿಮೂರು ಪೆಟ್ಟಿಗೆಯ ಗಿಡ ಮಣ್ಣು ಕಿತ್ತು ಕಬ್ಬಿನ ಗದ್ದೆಯ ಆಚೆ ಸುಟ್ಟರು. ಮೂಲೆಯ ಹಳೇ ಪೆಟ್ಟಿಗೆಯೊಂದನ್ನು ಮಾತ್ರ ಉಳಿಸಿಕೊಂಡರು, ಅದರಲ್ಲಿ ಹಾವಿರಲಿಲ್ಲ, ನುಸಿ ತಾಗಿಲ್ಲ ಅಂದುಕೊಂಡರು. ನನಗೆ ಕೊಟ್ಟ ಹೆಪ್ಪು ಅದರಿಂದಲೇ.

“ಭೂತಗನ್ನಡಿ ಹಿಡಿದು ಮೂರು ಸಲ ನೋಡಿದ್ದೆ ಮರಿ. ಒಂದೂ ಕಾಣಲಿಲ್ಲ.”

“ಮೊಟ್ಟೆ ಭೂತಗನ್ನಡಿಗೆ ಕಾಣುತ್ತಾ? ಕಾಣಲ್ಲ ಅಂತ ನನಗೆ ಹೇಳಿಕೊಟ್ಟಿದ್ದು ಯಾರು?”

ಹೆಪ್ಪು ಕೊಡದೇ ಇರಬಹುದಿತ್ತಲ್ಲ, ಇಲ್ಲ ಅನ್ನಬಹುದಿತ್ತಲ್ಲ ಎಂದು ಕೇಳಿದೆ. ಇಲ್ಲ ಅಂದರೆ ಯಾಕೆ ಅಂತ ಕೇಳುತ್ತಿದ್ದೆ ನೀನು ಅಂದರು. ಅದು ನಿಜ. ಎರಡು ವರ್ಷ ಕೇಳಿದವಳು ಸುಮ್ಮನೆ ಬಿಡುತ್ತಿರಲಿಲ್ಲ. ಆ ನಿಜವೇ ನನ್ನ ಸಿಟ್ಟನ್ನು ಇನ್ನಷ್ಟು ಏರಿಸಿತು. ಒಂದು ಪ್ರಶ್ನೆಗೆ ಉತ್ತರ ಹೇಳುವ ಬದಲು ಈ ಮನುಷ್ಯ ಮೇವಿಸ್‌ಳ ಮೈಗೆ ನುಸಿ ಬಿಟ್ಟ.

ತಪ್ಪಾಗಿ ಕೊಟ್ಟದ್ದನ್ನಾದರೂ ನುಂಗಿಕೊಳ್ಳಬಹುದಿತ್ತು. ನನಗೆ ಆಗದೇ ಇದ್ದದ್ದು ಆ ಕೇಕು. ಗ್ಲೆನಿಸ್ ಕಾಗದ ಎತ್ತಿ ಹಿಡಿದಾಗ ಇವರು ಎಲ್ಲ ತಿಳಿದೂ ಅಗಿಯುತ್ತಾ ಕೂತಿದ್ದರು. ಅದನ್ನು ಹಾಗೇ ಹೇಳಿದೆ.

“ಕೈ ಎತ್ತಬೇಕು ಅಂತಿದ್ದೆ,” ಅಂದರು. “ನಲವತ್ತು ವರ್ಷದಿಂದ ಆ ಸಂಘದಲ್ಲಿ ನಾನು ಹೇಳಿದ್ದೇ ಮಾತು. ಕೈ ಮೇಲೆ ಬರಲಿಲ್ಲ. ನೀನು ಚಿಕ್ಕವಳು, ಎರಡು ತಿಂಗಳಿಗೆ ಜನ ಮರೀತಾರೆ ಅಂದ್ಕೊಂಡೆ.”

“ನಾನು ನಿಮಗೇ ಕ್ಷಮೆ ಕೇಳಿ ಕಾಗದ ಬರೆದೆ ಆಲ್ಡೊ.”

“ಓದಿದೆ.”

“ಓದಿ?”

ಅವರು ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಾ ನಿಂತರು.

ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದ ಶರ್ಲೀನ್ ಆಗ ಮೂಲೆಗೆ ನಡೆದಳು. ಅಲ್ಲಿ ಹದಿನಾಲ್ಕನೆಯ ಪೆಟ್ಟಿಗೆ, ಹಳೇ ಬೆಡ್‌ಶೀಟ್ ಹೊದಿಸಿಕೊಂಡು. ಆಲ್ಡೊ ಬೇಡ ಅನ್ನುವಷ್ಟರಲ್ಲಿ ಎಳೆದುಬಿಟ್ಟಳು. ಗಾಜಿನ ಹಿಂದೆ ಎಲೆ. ಒದ್ದೆ, ದಟ್ಟ, ಕಡು ಹಸಿರು. ಬಳ್ಳಿ ಚಾವಣಿಗೆ ಮುಟ್ಟಿ ವಾಪಸ್ ಕೆಳಗೆ ಇಳಿದಿತ್ತು. ಅದರ ನಡುವೆ ಗಂಟು ಹಾಕಿಕೊಂಡು ಒಂದು ಮಚ್ಚೆ ಹೆಬ್ಬಾವು, ನೀರಿನ ಬಟ್ಟಲಿನಿಂದ ದೂರ, ಒಣ ಕೊಂಬೆಯ ಮೇಲೆ ಆರಾಮಾಗಿ ಕೂತಿತ್ತು.

ನುಸಿ ಇರುವ ಹಾವು ಹಾಗೆ ಕೂರುವುದಿಲ್ಲ.

ಇದು ಹೇಗೆ ಎಂದು ಕೇಳಿದೆ. ಆಲ್ಡೊ ಈ ಸಲ ಬೇಗ ಹೇಳಿದರು, ಗಿಡದ ಮಾತು ಬಂದರೆ ಅವರಿಗೆ ತಡೆಯಲಾಗದು. ನನ್ನ ಪೆಟ್ಟಿಗೆಯಲ್ಲಿ ನುಸಿ ಬಂತೆಂದು ಕೇಳಿದ ದಿನವೇ ಅವರಿಗೆ ಈ ಮಣ್ಣಿನ ಮೇಲೆ ಅನುಮಾನ ಬಂದಿದೆ. ನೋಡಿದರೆ ಇದರಲ್ಲೂ ಮರಿ ನುಸಿ. ಬೆಟ್ಟದ ಮೇಲೆ ಸ್ಟ್ರಾಬೆರಿ ಬೆಳೆಯುವ ಒಬ್ಬನ ಹತ್ತಿರ ಬೇಟೆನುಸಿ ತಂದಿದ್ದಾರೆ. ಮಣ್ಣಿನಲ್ಲಿದ್ದುಕೊಂಡು ಬೇರೆ ನುಸಿಯ ಮೊಟ್ಟೆ ಮರಿ ತಿನ್ನುವ ಕಂದು ಹುಳ ಅದು, ಹಾವನ್ನು ಮುಟ್ಟುವುದಿಲ್ಲ. ಎರಡು ಡಬ್ಬಿ ಸುರಿದಿದ್ದಾರೆ. ಒಂದು ವಾರ ಬಿಟ್ಟು ಪರೀಕ್ಷೆಗೆ ಈ ಹಾವನ್ನು ಬಿಟ್ಟಿದ್ದಾರೆ. ದಿನಾ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡುತ್ತಿದ್ದಾರೆ. ಚುಕ್ಕೆ ಇಲ್ಲ.

ಅವರ ಮುಖದಲ್ಲಿ ಸಣ್ಣ ಹೆಮ್ಮೆ ಬಂದದ್ದನ್ನು ನೋಡಿದೆ. ಶಹಭಾಸ್ ಅನ್ನುತ್ತಾಳೆ ಎಂದು ಕಾಯುತ್ತಿದ್ದರೋ ಏನೋ.

“ಹಾಗಾದ್ರೆ ನನ್ನ ಗಿಡ ಕೀಳೋದೇ ಬೇಕಿಲ್ಲ,” ಅಂದೆ. “ಮೇವಿಸ್‌ಗೆ ಮದ್ದು ಹಾಕಿ, ಮಣ್ಣಿಗೆ ಇದನ್ನ ಸುರಿದ್ರೆ ಸಾಕು. ನಿಮಗೆ ಗೊತ್ತಿತ್ತು. ನಾಳೆ ಬೆಳಿಗ್ಗೆ ನಾನು ನಿಂತು ಅದನ್ನ ಕೀಳಿಸ್ತಿದ್ದೆ, ಸುಡ್ತಿದ್ದೆ. ನೀವು ಇಲ್ಲಿ ಬೆಡ್‌ಶೀಟ್ ಹೊದಿಸಿ ನಿಮ್ಮದನ್ನ ಉಳಿಸ್ಕೊತಿದ್ರಿ.”

ಆಲ್ಡೊ ಮತ್ತೆ ಡಬ್ಬಿಯ ಮುಚ್ಚಳ ತಿರುಗಿಸತೊಡಗಿದರು.

ಆಮೇಲೆ ಶರ್ಲೀನ್ ಮನೆಮನೆ ಸುತ್ತುವವಳಿಗೆ ಬೇಕಾದ ಪ್ರಶ್ನೆ ಕೇಳಿದಳು. ಮೇ ತಿಂಗಳಲ್ಲಿ ಆ ಪೆಟ್ಟಿಗೆಯ ಹೆಪ್ಪು ಇನ್ನು ಯಾರಿಗೆ ಕೊಟ್ಟೆ?

ಆಲ್ಡೊ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದರು. ಒಬ್ಬರಿಗೇ ಅಂದರು.

“ಯಾರಿಗೆ?”

“ಗ್ಲೆನಿಸ್‌ಗೆ.”

ಶರ್ಲೀನ್ ಕೆಳಗೆ ಕೂತೇಬಿಟ್ಟಳು. ಗ್ಲೆನಿಸ್ ಮನೆಯ ಹೆಬ್ಬಾವು ಮೂರು ವಾರದಿಂದ ನೀರಿನ ಬಟ್ಟಲು ಬಿಟ್ಟು ಏಳುತ್ತಿಲ್ಲವಂತೆ. ಕೇಳಿದ್ದಕ್ಕೆ, ಸೆಕೆ ಕಣೇ ಅದಕ್ಕೆ ಅಂದಳಂತೆ ಗ್ಲೆನಿಸ್. ಆಗಸ್ಟ್ ತಿಂಗಳಲ್ಲಿ, ನಮ್ಮ ಕಡೆಯ ಚಳಿಗಾಲದಲ್ಲಿ, ನಾವೆಲ್ಲ ಸ್ವೆಟರ್ ಹಾಕಿಕೊಂಡು ಓಡಾಡುವಾಗ, ಸೆಕೆ. ನಾಳೆ ಗ್ಲೆನಿಸ್ ಮೇವಿಸ್‌ಳನ್ನು ತಾನೇ ನೋಡಿಕೊಳ್ಳುತ್ತೇನೆಂದು ಕರೆದುಕೊಂಡು ಹೋಗಲಿರುವುದೂ ಅದೇ ಮನೆಗೆ.

ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಇವತ್ತು ನನಗೆ ಕಂಡದ್ದು ಮೇವಿಸ್ ಮಾತ್ರ. ನುಸಿಯ ಮನೆಯಿಂದ ನುಸಿಯ ಮನೆಗೆ, ಅದೂ ಪ್ಲಾಸ್ಟಿಕ್ ಟಬ್ಬಿನಲ್ಲಿ.

ಆಲ್ಡೊ ಈಗಲೇ ಗ್ಲೆನಿಸ್‌ಗೆ ಫೋನ್ ಮಾಡುತ್ತೇನೆ ಅಂದರು. ಜೇಬಿಗೆ ಕೈ ಹಾಕಿಯೂ ಬಿಟ್ಟರು. ನಾನು ಬೇಡ ಅಂದೆ. ಫೋನಿನಲ್ಲಿ ಹೇಳಿದರೆ ಅದು ಅವರಿಬ್ಬರ ನಡುವೆ ಉಳಿಯುತ್ತದೆ, ಗ್ಲೆನಿಸ್ ತನ್ನ ಪೆಟ್ಟಿಗೆಯನ್ನು ಸದ್ದಿಲ್ಲದೆ ತೊಳೆದುಕೊಳ್ಳುತ್ತಾಳೆ, ಸಂಘದ ಬಾಯಲ್ಲಿ ನುಸಿ ತಂದವಳು ಬ್ರೈಡಿಯೇ ಆಗಿರುತ್ತಾಳೆ. ಕಾಗದ ಬರೆದು ಕೊಡುತ್ತೇನೆ ಅಂದರು. ಅದೂ ಬೇಡ ಅಂದೆ. ಕಾಗದ ಬರೆದವಳು ನಾನು, ಅದರ ಬೆಲೆ ನನಗೆ ಗೊತ್ತು.

ಆಗ ಅವರು ಮೂಲೆಯ ಪೆಟ್ಟಿಗೆ ತೆರೆದು, ಸೌಟಿನಲ್ಲಿ ಮಣ್ಣು ತೆಗೆದು ಐಸ್‌ಕ್ರೀಮ್ ಡಬ್ಬಿಯೊಂದಕ್ಕೆ ತುಂಬತೊಡಗಿದರು. ಬೇಟೆನುಸಿ ಓಡಾಡುವ ಮಣ್ಣು. ಅವಸರಕ್ಕೆ ಅರ್ಧ ನೆಲಕ್ಕೆ ಬಿತ್ತು. ಡಬ್ಬಿಯ ಮುಚ್ಚಳ ಒತ್ತಿ ನನ್ನ ಕಡೆ ಚಾಚಿದರು. ತಗೋ ಮರಿ, ನಿನ್ನ ಗಿಡಕ್ಕೆ ಹಾಕು, ಸರಿಹೋಗುತ್ತೆ ಅಂದರು. ಮೇ ತಿಂಗಳಲ್ಲಿ ಕೊಟ್ಟದ್ದೂ ಇದೇ ಕಂಪನಿಯ ಡಬ್ಬಿ. ವೆನಿಲಾ.

ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

“ನಿಮ್ಮ ಕೈಯಿಂದ ಇನ್ನೊಂದು ಡಬ್ಬಿ ಈಸ್ಕೊಂಡು ಬಸ್ ಹತ್ತಲ್ಲ ನಾನು. ನೀವೇ ತನ್ನಿ. ಅಲ್ಲಿ ಗಿಡ ಕೀಳೋಕೆ ಎಂಟು ಜನ ಬರ್ತಾರೆ, ಅವರೆದುರಿಗೆ ಎಲ್ಲಿಂದ ಬಂತು ನುಸಿ ಅಂತ ಹೇಳಿ, ಆಮೇಲೆ ನಿಮ್ಮ ಕೈಯಾರೆ ಸುರೀರಿ.”

“ಎಂಟು ಜನರೆದುರಿಗಾ?”

“ನನ್ನನ್ನ ಇಪ್ಪತ್ತಾರು ಜನರೆದುರಿಗೆ ನಿಲ್ಲಿಸಿದ್ರಿ.”

ಅವರು ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತರು. ಎಪ್ಪತ್ತೊಂದು ವರ್ಷ ಅವರಿಗೆ. ಕಬ್ಬು ಕಡಿದು ಗಂಟುಗಟ್ಟಿದ ಬೆರಳು. ಇನ್ನು ಸ್ವಲ್ಪ ಹೊತ್ತು ನೋಡಿದರೆ ನನಗೆ ಪಾಪ ಅನ್ನಿಸಿಬಿಡುತ್ತದೆ ಎಂದು ಹೆದರಿ, ಪೇಪರಿನ ಮೇಲೆ ಮಲಗಿದ್ದ ಹಾವುಗಳ ಕಡೆ ತಿರುಗಿದೆ. ಅವನ್ನು ನೋಡಿದ ಮೇಲೆ ಸಿಟ್ಟು ಸರಿಯಾಗಿ ವಾಪಸ್ ಬಂತು.

ನೀನು ಬರದೇ ಇದ್ದರೆ ನಾನೇ ಎಲ್ಲರ ಮನೆಗೂ ಇಲಿಯ ಜೊತೆ ಹಂಚುತ್ತೇನೆ ಎಂದು ಶರ್ಲೀನ್ ಎದ್ದು ಪ್ಯಾಂಟು ಕೊಡವಿಕೊಂಡಳು. ಆಲ್ಡೊ ಅವಳ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ನನ್ನನ್ನೇ ಕೇಳಿದರು.

“ಎಷ್ಟು ಹೊತ್ತಿಗೆ?”

“ಒಂಬತ್ತಕ್ಕೆ ಗ್ಲೆನಿಸ್ ಬೀಗ ತೆಗೀತಾಳೆ. ಎಂಟೂಮುಕ್ಕಾಲಿಗೆ ಗ್ರಂಥಾಲಯದ ಹಿಂಬಾಗಿಲ ಹತ್ರ ಇರಿ. ನಾನು ಅಲ್ಲೇ ನಿಂತಿರ್ತೀನಿ.”

“ಎಂಟೂವರೆಗೇ ಬರ್ತೀನಿ,” ಅಂದರು ಆಲ್ಡೊ.